ವಿದ್ಯುತ್ ಚಾಲಿತ ಕಾರು: ಬ್ಯಾಟರಿ ಮತ್ತು ಮಾದರಿಯ ಆಯ್ಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಹುಣಸೂರಿನ ಸಾರಿಗೆ ಕಚೇರಿಯಲ್ಲಿ (ಕೆಎ-45) ವಿದ್ಯುತ್ ಚಾಲಿತ ಕಾರನ್ನು ನೋಂದಾಯಿಸಲಿಚ್ಛಿಸುವವರು, ಮುಂಗಡ ಹಣ ಪಾವತಿಸುವ ಮೊದಲೇ ಬ್ಯಾಟರಿಯ ಸಾಮರ್ಥ್ಯವನ್ನು ನಿರ್ಧರಿಸಿಕೊಳ್ಳುವುದು ಸೂಕ್ತ. ಆಸನದ ಹೊದಿಕೆ, ಸಂಗೀತ ಸಾಧನ ಮುಂತಾದವನ್ನು ನಂತರವೂ ಅಳವಡಿಸಿಕೊಳ್ಳಬಹುದು. ಬ್ಯಾಟರಿಯ ವಿಷಯ ಹಾಗಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣವು ನಿರ್ಬಂಧಿಸುತ್ತದೆ.

ಉದಾಹರಣೆಗೆ, 2022ರಲ್ಲಿ ಬಿಡುಗಡೆಯಾದ ಟಾಟಾ ಟಿಯಾಗೊ ಇವಿ ಕಾರು 19.2 ಹಾಗೂ 24 ಕಿಲೋವ್ಯಾಟ್-ಗಂಟೆಯ ಎರಡು ಬ್ಯಾಟರಿಗಳೊಡನೆ ಬಂದಿತು. ಪೂರ್ಣ ಚಾರ್ಜಿಗೆ ಕ್ರಮವಾಗಿ 250 ಮತ್ತು 315 ಕಿ.ಮೀ. ಚಲಿಸುವುದೆಂದು ತಯಾರಕರು ಆಗ ಘೋಷಿಸಿದ್ದರು. ಇವು ಪರೀಕ್ಷೆಯ ಅಂಕಿಗಳು. ವೇಗ, ಭಾರ ಹಾಗೂ ಹವಾನಿಯಂತ್ರಣದ ಬಳಕೆಯಿಂದ ರಸ್ತೆಯಲ್ಲಿ ದೂರವು ಸಾಕಷ್ಟು ಕಡಿಮೆಯಾಗುತ್ತದೆ. ವರ್ಷಗಳು ಕಳೆದಂತೆ ಬ್ಯಾಟರಿಯೂ ಕುಗ್ಗುತ್ತದೆ. ಕೃಷ್ಣರಾಜನಗರದಿಂದ ಮೈಸೂರಿಗೆ ಸುಮಾರು 40 ಕಿ.ಮೀ. ಇದ್ದು, ಹೋಗಿಬರಲು ಚಿಕ್ಕ ಬ್ಯಾಟರಿ ಧಾರಾಳವಾಯಿತು. ಪಿರಿಯಾಪಟ್ಟಣದವರಿಗೆ ಅದೇ ಪ್ರಯಾಣ ಸುಮಾರು 130 ಕಿ.ಮೀ. ಆಗುವುದರಿಂದ, ಮಾರ್ಗಮಧ್ಯೆ ಚಾರ್ಜ್ ಮಾಡಲೊಲ್ಲದವರಿಗೆ ದೊಡ್ಡದೇ ಲೇಸು.

ಬಿಡುಗಡೆಯ ಸಮಯದಲ್ಲಿ ಇದೇ ಕಾರಿನ 7.2 ಕಿಲೋವ್ಯಾಟ್ ಚಾರ್ಜರ್ ಮೇಲ್ದರ್ಜೆಯ ಮಾದರಿಗಳಿಗೆ ಮಾತ್ರ ಲಭ್ಯವಿತ್ತು. ದೊಡ್ಡ ಬ್ಯಾಟರಿಯು ಶೇ. 10ರಿಂದ 100ಕ್ಕೆ ತುಂಬಲು ಅದರಲ್ಲಿ 3.6 ಗಂಟೆ, ಮನೆಯ 15 ಆಂಪಿಯರ್ ಸಾಕೆಟ್‌ನಲ್ಲಿ 8.7 ಗಂಟೆ ಎಂಬುದು ತಯಾರಕರ ಹೇಳಿಕೆ. ರಾತ್ರಿಯಿಡೀ ಮನೆಯಲ್ಲೇ ನಿಲ್ಲುವ ಕಾರಿಗೆ ಈ ಹೆಚ್ಚುವರಿ ವೆಚ್ಚದ ಅಗತ್ಯ ಕಾಣದು. ವಿದ್ಯುತ್ ಪದೇ ಪದೇ ಕಡಿತಗೊಳ್ಳುವ ಗ್ರಾಮಗಳಲ್ಲಿ ಅದು ಉಪಯುಕ್ತ. ಅಂಥವರು ಮನೆಯ ಭೂಸಂಪರ್ಕವನ್ನೂ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಮಂಜೂರಾದ ಹೊರೆಯನ್ನೂ ಮೊದಲು ಪರಿಶೀಲಿಸಿಕೊಳ್ಳತಕ್ಕದ್ದು.

ಮಾರಾಟ ಪ್ರಮಾಣಪತ್ರ (ನಮೂನೆ 21) ಹಾಗೂ ವಿಮಾ ಪತ್ರದಲ್ಲಿನ ಮಾದರಿಯ ಹೆಸರು, ಖರೀದಿಸಿದ ಕಾರಿನದೇ ಆಗಿದೆಯೇ ಎಂದು ಅರ್ಜಿದಾರರು ಖಚಿತಪಡಿಸಿಕೊಳ್ಳಬೇಕು. ನೋಂದಣಿ ಫಲಕವು ಹಸಿರು ಬಣ್ಣದ್ದಾಗಿದ್ದು, ಸ್ವಂತ ಬಳಕೆಗೆ ಬಿಳಿ, ಬಾಡಿಗೆ ವಾಹನಕ್ಕೆ ಹಳದಿ ಅಕ್ಷರಗಳಿರುತ್ತವೆ.