ಹುಳಿಯ ಎಡಬಲ

ಚಳಿಗಾಲದ ನಸುಕಿನಲ್ಲಿ ರೋಣ, ನರಗುಂದದ ಎರಿ ಹೊಲಗಳಲ್ಲಿ ಕಡ್ಲಿ ಬೆಳೆಯ ನಡುವೆ ಹಾಯ್ದರೆ ಮೊಣಕಾಲಿನ ಕೆಳಗೆ ಅರಿವೆ ತೊಯ್ಯುತ್ತದೆ. ಆ ತೇವವನ್ನು ನಾಲಿಗೆಗೆ ಹಚ್ಚಿಕೊಂಡರೆ ಹುಳಿ. ಎಲೆಯ ಮೇಲಿನ ನವಿರು ಕೂದಲುಗಳಿಂದ ಗಿಡವೇ ಒಸರುವ ಹುಳಿ ಅದು. ಹಿಂದಿನವರು ರಾತ್ರಿ ಬೆಳೆಯ ಮೇಲೆ ಬಿಳಿ ಅರಿವೆ ಹಾಸಿ, ಇಬ್ಬನಿಯೊಂದಿಗೆ ನೆನೆದದ್ದನ್ನು ಬೆಳಗ್ಗೆ ಹಿಂಡಿ, ಹೊಟ್ಟೆಯ ತೊಂದರೆಗೆ ಮದ್ದೆಂದು ಶೀಸೆಯಲ್ಲಿ ಕಾಯ್ದಿಡುತ್ತಿದ್ದರು. ಆಯುರ್ವೇದದಲ್ಲಿ ಅದರ ಹೆಸರು ಚಣಕಾಮ್ಲ. ಅದರೊಳಗಿರುವುದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಆಕ್ಸಾಲಿಕ್ ಅಣುವನ್ನು ಕನ್ನಡಿಯಲ್ಲಿ ನೋಡಿದರೂ ಅದೇ ಅಣು. ಮ್ಯಾಲಿಕ್ ಹಾಗಲ್ಲ, ಅದಕ್ಕೆ ಎಡ ಬಲ ಎಂಬುದಿದೆ, ಕಾಲ್ಮರಿಯ ಜೋಡಿಯ ಹಾಗೆ. ಕಡ್ಲಿ ಗಿಡ ಯಾವಾಗಲೂ ಒಂದೇ ಕಾಲಿನದನ್ನು ಹೊಲಿಯುತ್ತದೆ. ಮನುಷ್ಯ ಪ್ರಯೋಗಾಲಯದಲ್ಲಿ ಸುಮ್ಮನೆ ಮಾಡಹೊರಟರೆ ಎಡ ಅರ್ಧ, ಬಲ ಅರ್ಧ ಬರುತ್ತದೆ.

ಈ ಅರ್ಧವನ್ನು ತಪ್ಪಿಸುವ ವಿದ್ಯೆಗೆ ಅಸಮಮಿತ ಸಂಶ್ಲೇಷಣೆ ಎಂದು ಹೆಸರು. ಅದರ ಚರಿತ್ರೆ ಓದುತ್ತ ಹೋದಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಹುಳಿಗಳೇ, ಅದರಲ್ಲೂ ನಮ್ಮ ಹುಣಸಿಹಣ್ಣಿನ ಹುಳಿ. ಹುಣಸಿಯ ತಿರುಳಿನಲ್ಲಿ ನೂರಕ್ಕೆ 8ರಿಂದ 18ರಷ್ಟು ಇರುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲಿರುವುದೂ ಅದೇ, ಎಡಬಲದಲ್ಲೂ ಅದೇ ಕೈಯದು. ಯುರೋಪಿನವರಿಗೆ ಅದು ಸಿಕ್ಕಿದ್ದು ದ್ರಾಕ್ಷಾರಸದ ಪೀಪಾಯಿಯ ತಳದಲ್ಲಿ.

1848ರಲ್ಲಿ ಇಪ್ಪತ್ತೈದರ ಲೂಯಿ ಪಾಶ್ಚರ್ ಈ ಆಮ್ಲದ, ಎಡ ಬಲ ಎರಡೂ ಬೆರೆತ ಒಂದು ಲವಣವನ್ನು ಹರಳುಗಟ್ಟಿಸಿ, ಸೂಕ್ಷ್ಮದರ್ಶಕದ ಕೆಳಗೆ ಎಡಕ್ಕೆ ವಾಲಿದ ಹರಳು, ಬಲಕ್ಕೆ ವಾಲಿದ ಹರಳು ಎಂದು ಚಿಮಟದಿಂದ ಆರಿಸಿದ. ಒಂದು ಗುಂಪಿನ ದ್ರಾವಣ ಬೆಳಕಿನ ಕಂಪನದ ತಲವನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಮುದುಕ ಭೌತವಿಜ್ಞಾನಿ ಬಿಯೋ ನಂಬದೆ, ತನ್ನದೇ ಪ್ರಯೋಗಾಲಯದಲ್ಲಿ, ತಾನೇ ಕೊಟ್ಟ ಸಾಮಗ್ರಿಗಳಿಂದ ಮಾಡಿ ತೋರಿಸು ಎಂದ. ತೋರಿಸಿದ ಮೇಲೆ ನಂಬಿದ. ಇಲ್ಲಿ ಪ್ಯಾರಿಸಿನ ಹವೆಯ ಪಾಲೂ ಇದೆ. ಸುಮಾರು 27 ಡಿಗ್ರಿಗಿಂತ ತಂಪಿದ್ದರೆ ಮಾತ್ರ ಆ ಲವಣ ಎಡ ಬಲ ಬೇರೆಬೇರೆಯಾಗಿ ಹರಳುಗಟ್ಟುತ್ತದೆ. ಅದಕ್ಕಿಂತ ಬೆಚ್ಚಗಿದ್ದರೆ ಎರಡೂ ಒಂದೇ ಹರಳಿನೊಳಗೆ ಕೂಡಿಕೊಳ್ಳುತ್ತವೆ. ಗಜೇಂದ್ರಗಡದ ಬ್ಯಾಸಗಿಯಲ್ಲಿ ಕೂತಿದ್ದರೆ ಪಾಶ್ಚರನ ಚಿಮಟಕ್ಕೆ ಕೆಲಸವೇ ಇರುತ್ತಿರಲಿಲ್ಲ.

1896ರಲ್ಲಿ ಕಡ್ಲಿ ಹುಳಿಯ ಸರದಿ. ರೀಗಾದ ಪೌಲ್ ವಾಲ್ಡನ್ ಮ್ಯಾಲಿಕ್ ಆಮ್ಲವನ್ನು ಎರಡು ಹೆಜ್ಜೆಯಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ತಿರುಗಿಸಿದ. ಗಾಳಿಗೆ ಛತ್ರಿ ಹಿಂದುಮುಂದಾದಂತೆ ಅಣು ಮಗುಚುತ್ತದೆ ಎಂದು ಎಲ್ಲರಿಗೂ ತಿಳಿದದ್ದು ದಶಕಗಳ ನಂತರ. 1951ರಲ್ಲಿ ಹಾಲೆಂಡಿನ ಬೈವೂಟ್ ಕ್ಷಕಿರಣದಿಂದ ಅಣುವಿನ ನಿಜವಾದ ಎಡಬಲವನ್ನು ಮೊದಲ ಸಲ ಕಂಡ. ಅವನ ಹರಳೂ ಟಾರ್ಟಾರಿಕ್ ಆಮ್ಲದ ಲವಣವೇ.

ಇಷ್ಟಾದರೂ ಮಾಡುವ ಮುಖ್ಯ ದಾರಿ ಒಂದೇ ಇತ್ತು. ಒಂದು ಕೈಯ ಔಷಧ ಬೇಕಾದರೆ ಒಂದು ಕೈಯ ಸಾಮಗ್ರಿಯನ್ನು ಗಿಡದಿಂದಲೋ ಪ್ರಾಣಿಯಿಂದಲೋ ತರಬೇಕು, ಒಂದಕ್ಕೆ ಒಂದರಂತೆ. ಕಡ ತಂದ ಜೋಳವನ್ನು ಸೇರಿಗೆ ಸೇರು ಹಿಂದಿರುಗಿಸಿದ ಹಾಗೆ ಇದು. ಕಡ ತಂದದ್ದನ್ನು ಬಿತ್ತಲು ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಎಡಬಲವಿರುವ ಒಂದು ಚಿಟಿಕೆ ಕ್ರಿಯಾವರ್ಧಕ ಹಾಕಿ, ಎಡಬಲವಿಲ್ಲದ ಕೊಪ್ಪರಿಗೆಯಷ್ಟು ಸಾಮಗ್ರಿಯನ್ನು ಒಂದೇ ಕೈಗೆ ತಿರುಗಿಸುವುದು.

ಮೊದಲ ಫಲ ಜೊಳ್ಳೇ. 1966ರಲ್ಲಿ ಜಪಾನಿನ ರ್ಯೋಜಿ ನೊಯೊರಿ ತಾಮ್ರದಿಂದ ಪಡೆದದ್ದು ಅಲ್ಪ. 1968ರಲ್ಲಿ ಅಮೆರಿಕದ ಮಾನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ರೋಡಿಯಂ ಲೋಹದಿಂದ ಜಲಜನಕ ಸೇರಿಸಿದಾಗ ಎಡ ಬಲದ ಲೆಕ್ಕ ಸುಮಾರು 57ಕ್ಕೆ 43. ನೋಲ್ಸ್ ಬಿಡಲಿಲ್ಲ. ಲೋಹವನ್ನು ಹಿಡಿದ ರಂಜಕದ ಸುತ್ತಲಿನ ಗುಂಪುಗಳನ್ನು ಒಂದೊಂದಾಗಿ ಬದಲಿಸುತ್ತ, 1970ರ ದಶಕದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಔಷಧ ಎಲ್-ಡೋಪಾವನ್ನು 97ಕ್ಕೆ 3ರ ಆಸುಪಾಸಿಗೆ ತಂದು ಕಾರ್ಖಾನೆಗೆ ಇಳಿಸಿದರು. ಈ ಎಲ್-ಡೋಪಾ ನಮ್ಮ ಬೇಲಿಗೆ ಅಪರಿಚಿತವಲ್ಲ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಅದಿದೆಯೆಂದು 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದ್ದರು.

ಈ ಕ್ಷೇತ್ರದಲ್ಲಿ ಒಬ್ಬರ ವೃತ್ತಿಬದುಕನ್ನು ನಿಂತು ನೋಡಬೇಕೆಂದರೆ ನಾನು ಆರಿಸುವುದು ಫ್ರಾನ್ಸಿನ ಆನ್ರಿ ಕಗಾನ್ ಅವರನ್ನು. ಕ್ರಿಯಾವರ್ಧಕದಲ್ಲಿ ಎಡಬಲ ಇರಬೇಕಾದದ್ದು ಲೋಹವನ್ನು ಹಿಡಿಯುವ ರಂಜಕದ ಮೇಲೆಯೇ ಎಂದು ಎಲ್ಲರೂ ನಂಬಿದ್ದರು. ಅಂಥ ರಂಜಕ ಮಾಡುವುದು ತಲೆನೋವಿನ ಕೆಲಸ. ಕಗಾನ್ 1971ರಲ್ಲಿ ಟಾರ್ಟಾರಿಕ್ ಆಮ್ಲವನ್ನೇ ಬೆನ್ನೆಲುಬಾಗಿಟ್ಟು, ಅದರ ಎರಡು ತುದಿಗೆ ಸಾಧಾರಣ ರಂಜಕ ಕಟ್ಟಿದರು. ಎಡಬಲ ದೂರದಲ್ಲಿದ್ದರೂ ನಡೆಯಿತು. ಈ ಡಯಾಪ್ ಎಂಬ ಅಣುವನ್ನು ಅರ್ಧ ಸುತ್ತು ತಿರುಗಿಸಿದರೆ ಮೊದಲಿನಂತೆಯೇ ಕಾಣುತ್ತದೆ. ಹಾಗಾಗಿ ಬರುವ ಅಣುವಿಗೆ ತಪ್ಪು ದಾರಿಗಳೇ ಕಡಿಮೆ. ಮುಂದೆ ನೊಯೊರಿಯವರ ಹೆಸರಾಂತ ಬಿನಾಪ್ ಸೇರಿ ಎಷ್ಟೋ ಕ್ರಿಯಾವರ್ಧಕಗಳಲ್ಲಿ ಈ ಗುಣವಿದೆ. 2001ರ ವುಲ್ಫ್ ಪ್ರಶಸ್ತಿ ಕಗಾನ್, ನೊಯೊರಿ, ಶಾರ್ಪ್‌ಲೆಸ್ ಮೂವರಿಗೆ ಬಂತು. ಅದೇ ವರ್ಷದ ನೊಬೆಲ್ ನೋಲ್ಸ್, ನೊಯೊರಿ, ಶಾರ್ಪ್‌ಲೆಸ್ ಅವರಿಗೆ. ಮೂವರಿಗಿಂತ ಹೆಚ್ಚು ಮಂದಿಗೆ ನೊಬೆಲ್ ಹಂಚುವಂತಿಲ್ಲ. ನೋಲ್ಸ್ ಅವರದ್ದು ನ್ಯಾಯವಾದ ಗೌರವ, ಅನುಮಾನವಿಲ್ಲ. ಆದರೂ ಆ ಪಟ್ಟಿ ಓದಿದಾಗಲೆಲ್ಲ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಇದ್ದಂತೆ ಅನ್ನಿಸುತ್ತದೆ.

ಬ್ಯಾರಿ ಶಾರ್ಪ್‌ಲೆಸ್ ಅವರದ್ದಂತೂ ಹುಣಸಿಯ ನೇರ ಸಂಬಂಧ. 1980ರಲ್ಲಿ ಕತ್ಸುಕಿ ಅವರೊಡನೆ ಪ್ರಕಟಿಸಿದ ವಿಧಾನದಲ್ಲಿ ಬೇಕಾದದ್ದು ಟೈಟಾನಿಯಂ, ಒಂದು ಪೆರಾಕ್ಸೈಡ್, ಟಾರ್ಟಾರಿಕ್ ಆಮ್ಲದ ಎಸ್ಟರ್, ಇಷ್ಟೇ. ಅಗ್ಗದ, ಎಲ್ಲ ಪ್ರಯೋಗಾಲಯದಲ್ಲೂ ಸಿಗುವ ಸರಕು; ಫಲ ನೂರಕ್ಕೆ 95ಕ್ಕೂ ಹೆಚ್ಚು ಒಂದೇ ಕೈ. ಮೊದಮೊದಲು ಕ್ರಿಯಾವರ್ಧಕವನ್ನು ಬಹುತೇಕ ಸರಿಸಮ ಹಾಕಬೇಕಿತ್ತು. ನೀರಿನ ಪಸೆಯನ್ನು ಹೀರುವ ಮಾಲಿಕ್ಯುಲರ್ ಸೀವ್ ಪುಡಿ ಸೇರಿಸಿದ ಮೇಲೆ, 1986ರ ಹೊತ್ತಿಗೆ, ನೂರಕ್ಕೆ ಐದು ಹತ್ತು ಸಾಕಾಯಿತು.

ನೀರು ಶಾರ್ಪ್‌ಲೆಸ್‌ಗೆ ಶತ್ರು, ಕಗಾನ್‌ಗೆ ಮಿತ್ರ. 1984ರಲ್ಲಿ ಕಗಾನ್ ಅದೇ ಟೈಟಾನಿಯಂ–ಟಾರ್ಟ್ರೇಟ್ ಮಿಶ್ರಣಕ್ಕೆ ಲೆಕ್ಕವಿಟ್ಟು ನೀರು ಹಾಕಿ, ಗಂಧಕದ ಪರಮಾಣುವಿಗೇ ಎಡಬಲ ಕೊಟ್ಟರು. ಇಟಲಿಯ ಮೊದೆನಾ ಅವರ ತಂಡವೂ ಅದೇ ಕಾಲಕ್ಕೆ ಅಲ್ಲಿಗೆ ತಲುಪಿತ್ತು. ಗಂಧಕಕ್ಕೆಂಥ ಎಡಬಲ ಎನ್ನುವವರು ಉಳ್ಳಾಗಡ್ಡಿ ಹೆಚ್ಚಬೇಕು. ಗದಗ ಸೀಮೆಯ ಹೊಲಗಳಲ್ಲಿ ರಾಶಿ ಬೀಳುವ ಉಳ್ಳಾಗಡ್ಡಿಯಲ್ಲಿ ಕಣ್ಣೀರು ತರಿಸುವ ಅನಿಲದ ಮೂಲ ಐಸೊಆಲಿಯಿನ್. ಅದರ ಗಂಧಕವೂ ಒಂದೇ ಕೈಯದು. ಬಳ್ಳೊಳ್ಳಿಯ ಆಲಿಯಿನ್ ಕೂಡ ಹಾಗೆಯೇ. ಕಗಾನ್ ವಿಧಾನವನ್ನು ತಿದ್ದಿ ಸ್ವೀಡನ್ನಿನ ರಸಾಯನಜ್ಞರು ಮಾಡಿದ್ದು ಎಸೊಮೆಪ್ರಜೋಲ್. ಖಾರದ ಊಟದ ಮೇಲೆ ಎದೆಯುರಿಗೆ ನುಂಗುವ ಆ ಗುಳಿಗೆಯ ಹಿಂದೆಯೂ ಹುಣಸಿಯ ಹುಳಿ!

ದೊಡ್ಡ ಪ್ರಮಾಣದ ದಾಖಲೆ ಮಾತ್ರ ಔಷಧದ್ದಲ್ಲ, ಕಳೆನಾಶಕದ್ದು. ಮೆಟೊಲಾಕ್ಲೋರ್‌ನ ಸಕ್ರಿಯ ಕೈಯನ್ನಷ್ಟೇ ಹೆಚ್ಚಾಗಿ ಮಾಡಲು ಸ್ವಿಟ್ಜರ್‌ಲೆಂಡಿನ ಹನ್ಸ್-ಉಲ್ರಿಚ್ ಬ್ಲಾಸರ್ ಮತ್ತು ಜೊತೆಗಾರರು ವರ್ಷಗಟ್ಟಲೆ ಹೆಣಗಿದರು. 1990ರ ದಶಕದ ಕೊನೆಗೆ ಇರಿಡಿಯಂ ಕ್ರಿಯಾವರ್ಧಕ ಕಾರ್ಖಾನೆಯಲ್ಲಿ ನಿಂತಿತು; ಒಂದು ಅಣು ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ದುಡಿಯುತ್ತದೆ, ವರ್ಷಕ್ಕೆ 10,000 ಟನ್ನಿಗೂ ಮಿಗಿಲು ಸರಕು. ಎಡಬಲದ ಶುದ್ಧಿ 90ಕ್ಕೆ 10 ಅಷ್ಟೇ, ಹೊಲಕ್ಕೆ ಅಷ್ಟು ಸಾಕು. ಭೂಮಿಗೆ ಬೀಳುವ ವಿಷ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಿತು.

ಲೋಹವೇ ಬೇಡ ಎಂದವರು 2000ದಲ್ಲಿ ಬಂದರು. ಬೆಂಜಮಿನ್ ಲಿಸ್ಟ್ ಬಳಸಿದ್ದು ಪ್ರೋಲಿನ್, ಮಳೆ ಕೈಕೊಟ್ಟಾಗ ಕಡ್ಲಿಯಂಥ ಗಿಡಗಳು ತಮ್ಮೊಳಗೆ ಕೂಡಿಸಿಕೊಳ್ಳುವ ಸರಳ ಅಮೈನೋ ಆಮ್ಲ. ಡೇವಿಡ್ ಮ್ಯಾಕ್‌ಮಿಲನ್ ಅದೇ ವರ್ಷ ಬೇರೆ ದಾರಿಯಲ್ಲಿ ಬಂದು ಸೇರಿದರು. 2021ರ ನೊಬೆಲ್ ಇವರಿಬ್ಬರದು. ಕ್ರಿಯಾವರ್ಧಕವನ್ನು ಹಾಲಿಗೆ ಹಾಕುವ ಹೆಪ್ಪಿಗೆ ಹೋಲಿಸುವುದು ರೂಢಿ. ಅದು ಪೂರ್ತಿ ಸರಿಯಲ್ಲ. ಹೆಪ್ಪು ತಾನೇ ಬೆಳೆಯುತ್ತದೆ, ಕ್ರಿಯಾವರ್ಧಕ ಇದ್ದಷ್ಟೇ ಇರುತ್ತದೆ. ನಿಜವಾದ ಹೆಪ್ಪನ್ನು ಜಪಾನಿನ ಕೆನ್ಸೊ ಸೊಯಾಯಿ 1995ರಲ್ಲಿ ಕಂಡರು: ಉಂಟಾದ ವಸ್ತುವೇ ಮುಂದಿನ ವಸ್ತುವಿಗೆ ತನ್ನ ಕೈಯನ್ನು ಕಲಿಸುವ ಕ್ರಿಯೆ.

ಕರ್ನಾಟಕದ ಪಾಲೂ ಇದೆ. ಬೆಂಗಳೂರಿನಲ್ಲಿ ಓದಿ ಅಮೆರಿಕದ ಉತ್ತರ ಡಕೋಟಾ ಸ್ಟೇಟ್ ಯೂನಿವರ್ಸಿಟಿ ಸೇರಿದ ಮುಕುಂದ್ ಸಿಬಿ ಆರಿಸಿಕೊಂಡದ್ದು ಫ್ರೀ ರ‍್ಯಾಡಿಕಲ್‌ಗಳನ್ನು. ಅವು ಕ್ಷಣಜೀವಿಗಳು, ಎಡಬಲ ಕಲಿಯುವಷ್ಟು ಹೊತ್ತು ನಿಲ್ಲುವುದಿಲ್ಲ ಎಂದು ಬಹಳ ಮಂದಿ ಕೈಬಿಟ್ಟಿದ್ದರು. ನೆಡ್ ಪೋರ್ಟರ್ ಜೊತೆಗೂಡಿ ಸಿಬಿ 1996ರಲ್ಲಿ, ಎಡಬಲವಿರುವ ಅಣುವನ್ನು ಲೋಹದ ಲವಣಕ್ಕೆ ಕಟ್ಟಿ, ಅವಕ್ಕೂ ದಿಕ್ಕು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಮುಖರ್ಜಿಯವರ ತಂಡ ಎಡ ಬಲ ಎರಡೂ ಬದಿ ಒಂದೇ ಆಗಿರುವ ಉಂಗುರದ ಅಣುಗಳನ್ನು ಹಿಡಿದು, ಒಂದು ಬದಿಯಲ್ಲಿ ಮಾತ್ರ ಕ್ರಿಯೆ ನಡೆಸಿ ಸಮಮಿತಿ ಮುರಿಯುತ್ತದೆ. ಮುಖರ್ಜಿ ಹಿಂದೆ ಲಿಸ್ಟ್ ಅವರ ಬಳಿಯೇ ಕೆಲಸ ಮಾಡಿದವರು.

ಅದೇ ಸಂಸ್ಥೆಯ ಕವಿರಾಯನಿ ಪ್ರಸಾದ್ ಮಾತ್ರ ಹಳೆಯ ಕಡದ ದಾರಿಯನ್ನೇ ಹಿಡಿದು ಟಾರ್ಟಾರಿಕ್ ಆಮ್ಲದಿಂದ ಹಲವು ನೈಸರ್ಗಿಕ ವಸ್ತುಗಳನ್ನು ಕಟ್ಟಿದ್ದಾರೆ. ಕ್ರಿಯಾವರ್ಧಕದ ಯುಗದಲ್ಲಿ ಇದು ಹಳತೆನ್ನಿಸಬಹುದು. ಆದರೆ ಸಾಮಗ್ರಿ ಅಗ್ಗವಿದ್ದರೆ ಸೇರಿಗೆ ಸೇರೂ ಲಾಭವೇ. 2007ರಲ್ಲಿ ಅವರು ಅನ್ಬರಸನ್ ಜೊತೆ ಪತಂಗದ ಕರೆವಾಸನೆಯಾದ ಡಿಸ್ಪಾರ್ಲೂರ್‌ನ ಎರಡೂ ಕೈಗಳನ್ನು ಈ ಆಮ್ಲದಿಂದ ಪಡೆದರು. ಅಮೆರಿಕದ ಕಾಡು ಬೋಳಿಸುವ ಜಿಪ್ಸಿ ಪತಂಗದ ಗಂಡು ಒಂದು ಕೈಯ ವಾಸನೆಗೆ ಹಾರಿ ಬರುತ್ತದೆ, ಇನ್ನೊಂದು ಬೆರೆತರೆ ಹಿಂಜರಿಯುತ್ತದೆ.

ನಮ್ಮ ಕಡ್ಲಿ ಹೊಲದ ಶತ್ರು ಕಾಯಿಕೊರಕ. ಅದರ ಗಂಡನ್ನು ಹಿಡಿಯಲು ನರಗುಂದದ ರೈತರು ಗೂಟಕ್ಕೆ ಕಟ್ಟುವ ಮೋಹಕ ಬಲೆಯಲ್ಲಿರುವುದು ಹದಿನಾರು ಇಂಗಾಲದ ಉದ್ದನೆಯ ಆಲ್ಡಿಹೈಡ್. ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಬಲೆಯ ಕೆಳಗೆ ಎಲೆಯ ಮೇಲೆ ಒಸರುವ ಹುಳಿ ಮಾತ್ರ ಒಂದೇ ಕೈಯದು.