ನಿತ್ಯಪುಷ್ಪದ ಮದ್ದು ಮತ್ತು ಒಂದು ಮನೆತನದ ಕಾಯಿಲೆ

ನಮ್ಮ ಹಿತ್ತಿಲುಗಳಲ್ಲಿ ಯಾರೂ ನೀರೆರೆಯದಿದ್ದರೂ ವರ್ಷವಿಡೀ ಹೂಬಿಡುವ ನಿತ್ಯಪುಷ್ಪವನ್ನು ನೀವೆಲ್ಲರೂ ಬಲ್ಲಿರಿ. ಕೆಲವರು ಇದನ್ನು ಕಾಶಿಕಣಗಿಲೆ ಎನ್ನುತ್ತಾರೆ. ಐದೆಸಳಿನ ಹೂವಿಗೆ ಉದಾಹರಣೆಯಾಗಿ ನಾನು ತರಗತಿಗೆ ಇದನ್ನೇ ತರಿಸುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಇದರ ತವರು ಮಡಗಾಸ್ಕರ್ ದ್ವೀಪ.

1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಒಂದು ಲಕೋಟೆಯಲ್ಲಿ ಈ ಗಿಡದ ಎಲೆಗಳು ಬಂದವು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುತ್ತಿದ್ದರು. (ನಮ್ಮಲ್ಲಿಯೂ ಕುಡಿಯುವವರಿದ್ದಾರೆ, ನಾನಂತೂ ಬೇಡವೆನ್ನುತ್ತೇನೆ.) ಅವರ ಸೋದರ ರಾಬರ್ಟ್ ನೋಬಲ್ ಎಲೆಯ ಸಾರವನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿಯ ರಕ್ತಕಣಗಳು ಇಳಿದವು. ಈ ಜಾಡು ಹಿಡಿದು ವಿನ್‌ಬ್ಲಾಸ್ಟಿನ್ ದೊರೆಯಿತು. ಅಮೆರಿಕದ ಎಲೈ ಲಿಲ್ಲಿ ಸಂಸ್ಥೆಯಲ್ಲಿ ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಹೊರಬಂದು, 1963ರಲ್ಲಿ ಅಲ್ಲಿ ಮಾನ್ಯತೆ ಪಡೆಯಿತು. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಇದಕ್ಕೆ ಮುಖ್ಯ ಸ್ಥಾನವಿದೆ.

ಜೀವಕೋಶ ಇಬ್ಭಾಗವಾಗಲು ಅದರೊಳಗಿನ ಸೂಕ್ಷ್ಮನಾಳಗಳು ಬೇಕು. ವಿನ್‌ಕ್ರಿಸ್ಟಿನ್ ಅವು ಕಟ್ಟಿಕೊಳ್ಳದಂತೆ ತಡೆಯುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ. ತೊಡಕಿರುವುದು ಇಲ್ಲಿಯೇ. ಬೆನ್ನುಹುರಿಯಿಂದ ಅಂಗಾಲಿನವರೆಗೆ ಚಾಚಿರುವ ನರತಂತುಗಳು ತಮ್ಮ ಆಹಾರ ಸಾಮಗ್ರಿಯನ್ನು ಸಾಗಿಸುವುದೂ ಅಂಥ ನಾಳಗಳ ದಾರಿಯಲ್ಲೇ. ಆದ್ದರಿಂದ ಆರೋಗ್ಯವಂತ ನರಗಳುಳ್ಳವರಿಗೂ ಈ ಮದ್ದಿನಿಂದ ಕೈಕಾಲು ಜೋಮು ಹಿಡಿಯುವುದುಂಟು.

ಇನ್ನು ಹುಟ್ಟಿನಿಂದಲೇ ನರಗಳು ದುರ್ಬಲವಾಗಿರುವವರ ಪಾಡೇನು? 1886ರಲ್ಲಿ ಪ್ಯಾರಿಸಿನ ಶಾರ್ಕೊ ಹಾಗೂ ಪಿಯೆರ್ ಮಾರಿ, ಇಂಗ್ಲೆಂಡಿನ ಹೋವರ್ಡ್ ಟೂತ್ ಒಂದು ಮನೆತನದ ರೋಗವನ್ನು ವರ್ಣಿಸಿದರು. ಮೀನಖಂಡ ಸೊರಗುತ್ತದೆ, ಪಾದ ಕಮಾನಿನಂತೆ ಬಾಗುತ್ತದೆ, ನಡೆಯುವಾಗ ಮುಂಗಾಲು ಎಡವುತ್ತದೆ. ಪ್ಯಾರಿಸಿನವರು ಬೆನ್ನುಹುರಿಯನ್ನು ಶಂಕಿಸಿದರು. ದೋಷ ನರಗಳದ್ದೆಂದು ಸರಿಯಾಗಿ ಹೇಳಿದವನು ಟೂತ್. ಹೆಸರಿನಲ್ಲಿ ಆತ ಕೊನೆಯವನಾಗಿ ಉಳಿದದ್ದು ನನಗೇಕೋ ಸರಿಕಾಣದು! ಈ ರೋಗದ ಅತಿ ಸಾಮಾನ್ಯ ಬಗೆಯಲ್ಲಿ 17ನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುತ್ತದೆಂದು ತಿಳಿದದ್ದು 1991ರಲ್ಲಿ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ನರದ ಮೇಲಿನ ಮಯಲಿನ್ ಹೊದಿಕೆ ಇವರಲ್ಲಿ ಸರಿಯಾಗಿರುವುದಿಲ್ಲ.

ಇಂಥವರಿಗೆ ವಿನ್‌ಕ್ರಿಸ್ಟಿನ್ ಕೊಟ್ಟಾಗ ಮೊದಲ ಒಂದೆರಡು ಡೋಸುಗಳಲ್ಲೇ ಕೈಕಾಲುಗಳ ಬಲ ಕುಸಿದ ಉದಾಹರಣೆಗಳು ವೈದ್ಯಪತ್ರಿಕೆಗಳಲ್ಲಿವೆ. ಅವರಲ್ಲಿ ಹಲವರಿಗೆ ತಮಗೆ ನರರೋಗವಿದೆಯೆಂಬುದೇ ಗೊತ್ತಿರಲಿಲ್ಲ. ಮದ್ದು ಕೆಡಿಸಿದ ಮೇಲೆ ಮನೆಯವರನ್ನು ಪರೀಕ್ಷಿಸಿದಾಗ ಬಯಲಾಯಿತು. ಮಯಲಿನ್ ಕೆಡುವ ಬಗೆಯ ಶಾರ್ಕೊ-ಮಾರಿ-ಟೂತ್ ಇರುವವರಿಗೆ ಕೊಡಕೂಡದೆಂದು ಔಷಧಿಯ ಮಾಹಿತಿಪತ್ರದಲ್ಲಿಯೇ ಈಗ ಅಚ್ಚಾಗಿದೆ. ಆದರೆ ವೈದ್ಯರಿಗೆ ರೋಗದ ಸುಳಿವು ಸಿಗದಿದ್ದರೆ ಆ ಸಾಲಿನಿಂದೇನು ಪ್ರಯೋಜನ?

"ನಮ್ಮ ವಂಶದ ಕಾಲೇ ಹಾಗೆ" ಎಂದು ನಗುತ್ತಾ ಹೇಳುವ ಮನೆಗಳನ್ನು ನಾನು ಕಂಡಿದ್ದೇನೆ. ಅಂಥ ಮನೆಯ ಮಗುವಿಗೆ ಕ್ಯಾನ್ಸರ್ ಚಿಕಿತ್ಸೆ ಆರಂಭವಾಗುವುದಾದರೆ, ಆ ಕಾಲಿನ ಮಾತನ್ನು ಮೊದಲ ದಿನವೇ ವೈದ್ಯರಿಗೆ ಹೇಳಿ. ನರದಲ್ಲಿ ವಿದ್ಯುತ್ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವ ಪರೀಕ್ಷೆಯಿದೆ. ಅದರ ಫಲಿತಾಂಶ ನೋಡಿ ಯಾವ ಮದ್ದನ್ನು ಬಿಡಬೇಕು, ಯಾವುದನ್ನು ಕೊಡಬೇಕು ಎಂಬುದನ್ನು ಅವರು ನಿರ್ಧರಿಸುತ್ತಾರೆ.