ಮಹಾಳಿಗೆ ಎರಡು ಬಾಲ!

ಮಂಗಳೂರು ಕಡೆಯವರಿಗೆ ಮಹಾಳಿ ಅಂದರೆ ಏನೆಂದು ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರು ಅದನ್ನೇ ಕೊಳೆರೋಗ ಅನ್ನುತ್ತಾರೆ. ಆಟಿಯ ಮಳೆ ಬಿಡದೆ ಸುರಿದರೆ ಎಳೆ ಅಡಿಕೆ ಕೊಳೆತು ಉದುರುತ್ತದೆ. ವರ್ಷದ ದುಡಿಮೆ ಕಣ್ಣೆದುರೇ ಮಣ್ಣುಪಾಲು.

ಇದರ ಬೆನ್ನು ಹತ್ತಿದವರು ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಅವರು ಓಡಾಡಿದ್ದು ಮಲೆನಾಡಿನ ತೋಟಗಳಲ್ಲಿ. ಅಲ್ಲಿನ ಬೆಳೆಗಾರರು ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ನೀರು ತಾಗದಿದ್ದರೆ ರೋಗವಿಲ್ಲ, ಅಷ್ಟು ಅವರಿಗೆ ಗೊತ್ತಿತ್ತು.

ಕಾರಣ ಫೈಟಾಫ್ತರಾ ಎಂದು ಕೋಲ್ಮನ್ 1910ರಲ್ಲಿ ಬರೆದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ್ದರ ದಾಯಾದಿ ಇದು! ಇದರ ಚರಕಣಕ್ಕೆ ಕೋಶಭಿತ್ತಿಯೇ ಇಲ್ಲ, ಇರುವುದು ಎರಡು ಬಾಲ. ಅಡಿಕೆಯ ಮೇಲೆ ತೆಳುವಾಗಿ ನೀರು ನಿಂತರೂ ಸಾಕು, ಈಜುತ್ತದೆ. ಆಗ ಎಲ್ಲರೂ ಇದನ್ನು ಶಿಲೀಂಧ್ರ ಅಂದುಕೊಂಡಿದ್ದರು. ಈಗ ನೋಡಿದರೆ ಇದು ಕಂದು ಪಾಚಿಯ ನೆಂಟ.

ಮದ್ದು ಮಾತ್ರ ಫ್ರಾನ್ಸಿನದ್ದು. 1885ರಲ್ಲಿ ಮಿಲಾರ್ಡೆ ದ್ರಾಕ್ಷಿಗೆಂದು ಪ್ರಕಟಿಸಿದ ಬೋರ್ಡೋ ದ್ರಾವಣವನ್ನೇ ಕೋಲ್ಮನ್ ಅಡಿಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು.

ಸರಿ, ಆದರೆ ಕಣ್ಣು ಮೂಗು ಇಲ್ಲದ ಈ ಕಣಕ್ಕೆ ದಾರಿ ಹೇಳುವವರು ಯಾರು? ಉತ್ತರದ ಒಂದು ತುಂಡು ಸಿಕ್ಕಿದ್ದು 2004ರಲ್ಲಿ, ಆಲೂಗಡ್ಡೆಯ ಫೈಟಾಫ್ತರಾದಲ್ಲಿ. ಹೊರಗಿನ ಸುದ್ದಿಯನ್ನು ಕೋಶದೊಳಗೆ ದಾಟಿಸುವ ಜಿ-ಪ್ರೋಟೀನ್ ಒಂದನ್ನು ಹಾಲೆಂಡಿನ ವಿಜ್ಞಾನಿಗಳು ಅಡಗಿಸಿ ನೋಡಿದರು. ಕಣಗಳು ನೇರ ಈಜಲಾರದೆ ಪದೇ ಪದೇ ತಿರುಗತೊಡಗಿದವು. ರೋಗ ತರುವ ಶಕ್ತಿಯೂ ಕುಂದಿತು. 2008ರಲ್ಲಿ ಸೋಯಾದ ಫೈಟಾಫ್ತರಾದಲ್ಲಿ ಅಂಥದ್ದೇ ಪ್ರೋಟೀನ್ ಅಡಗಿಸಿದಾಗ, ಸೋಯಾ ಬೇರು ಸೂಸುವ ರಾಸಾಯನಿಕದ ಕಡೆಗೆ ಹೋಗುವುದನ್ನೇ ಅವು ಮರೆತವು. ಬಾಲ ಇದೆ, ಸಿಗ್ನಲ್ ಇಲ್ಲ!

ಈ ಎರಡೂ ಪ್ರಯೋಗ ದಾಯಾದಿಗಳ ಮೇಲಿನವು, ನಮ್ಮ ಅಡಿಕೆಯದ್ದರ ಮೇಲಲ್ಲ. ನಮ್ಮ ತೋಟಗಳಲ್ಲಿ ಇಂದಿಗೂ ಮಳೆ ಹೊಳವಾಗುವುದನ್ನೇ ಕಾದು, ಜಾರುವ ಮರ ಹತ್ತಿ ಮದ್ದು ಬಿಡುತ್ತಾರೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಕೆಲವರಾದರೂ ನೆಲದಲ್ಲೇ ನಿಂತು ಬಿಡುತ್ತಿದ್ದಾರೆ, ಆ ಮಟ್ಟಿಗೆ ಜೀವಭಯ ಕಡಿಮೆ. ಆದರೆ ಡ್ರಮ್ಮಿನಲ್ಲಿ ಇರುವುದು ಅದೇ ಮೈಲುತುತ್ತು, ಅದೇ ಸುಣ್ಣ.

ಕೋಲ್ಮನ್ ಈಜುವವನನ್ನು ತೋರಿಸಿಕೊಟ್ಟು ನೂರು ವರ್ಷ ದಾಟಿತು. ಅವನ ದಾರಿ ತಪ್ಪಿಸುವ ಮದ್ದು ಯಾವಾಗ ಬಂದೀತು? ಮರ ಹತ್ತುವವರಂತೂ ಕಾಯುತ್ತಿದ್ದಾರೆ.